ಕಂಬಳಿ ಉಣ್ಣೆಯ ಸ್ವೆಟರು: ಮೊದಲು ಅಂಗೈ ಅಗಲ, ಆಮೇಲೆ ಮೈ ಅಗಲ

ನಾನು ಕಂಬಳಿಯ ಕರಿ ಉಣ್ಣೆಯಿಂದ ಹೆಣೆದ ಮೊದಲ ಸ್ವೆಟರನ್ನು ಹೊರಸಿನ ಮೇಲೆ ಇಟ್ಟರೆ ತಾನೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂಡುತ್ತಿತ್ತು. ಮಡಚಲು ಬರುತ್ತಿರಲಿಲ್ಲ. ತೂಕ 1 ಕಿಲೋ 200 ಗ್ರಾಂ. ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಗಿಡ್ಡ, ಯಾಕೆಂದರೆ ನೂಲು ಅಲ್ಲಿಗೇ ಮುಗಿದಿತ್ತು. ನಮ್ಮ ಮನೆಯವರು ಒಂದೇ ಒಂದು ದಿನ ಅದನ್ನು ತೊಟ್ಟು ಮುಂಜಾನೆ ಅಡ್ಡಾಡಲು ಹೋದರು, ಕುತ್ತಿಗೆ ಕೆರೆದುಕೊಳ್ಳುತ್ತಾ ತಿರುಗಿ ಬಂದರು. "ಇದನ್ನ ಜ್ವಾಳದ ಚೀಲದ ಮ್ಯಾಲ ಹೊಚ್ಚು, ಇಲಿ ಸುಳಿಯಂಗಿಲ್ಲ" ಅಂದರು. ಈಗ ಅದು ಅಲ್ಲೇ ಇದೆ.

ಹೆಣಿಗೆ ನನಗೆ ಹೊಸದಲ್ಲ. ಶಾಲೆಯಲ್ಲಿ ಉದ್ಯೋಗದ ಪಿರಿಯಡ್ಡಿನಲ್ಲಿ ತಕಲಿ ತಿರುವಿ ನೂಲು ತೆಗೆದವಳು ನಾನು. ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ ಪೇಟೆಯ ವುಲನ್ ದಾರದಲ್ಲಿ ಓಣಿಯ ಕೂಸುಗಳಿಗೆಲ್ಲ ಟೋಪಿ, ಕುಂಚಿಗೆ ಹೆಣೆದಿದ್ದೇನೆ. ಕೆಲವು ವರ್ಷಗಳ ಹಿಂದೆ ಮಗಳು ಬೆಂಗಳೂರಿನಿಂದ ಮೆರಿನೋ ಅನ್ನುವ ನಯವಾದ ಕುರಿಯುಣ್ಣೆಯ ಹಂಜಿ (ನೂಲಲು ಹದ ಮಾಡಿದ ಸುರುಳಿ) ತಂದುಕೊಟ್ಟಳು. ಬೆಣ್ಣೆಯಂಥದ್ದು, ಕೈ ಇಟ್ಟರೆ ಸಾಕು ನೂಲಾಗುತ್ತಿತ್ತು. ಅದರಲ್ಲಿ ಒಂದು ಸ್ವೆಟರು ಚೆಂದವಾಗಿಯೇ ಬಂತು. ಆ ಧೈರ್ಯದ ಮೇಲೆ ಕರಿ ಉಣ್ಣೆಗೆ ಕೈ ಹಾಕಿದೆ. ಅದೇ ದಪ್ಪದ ನೂಲು, ಅದೇ ಸೂಜಿ, ಅದೇ ಅಳತೆ. ತಪ್ಪಾದದ್ದು ಅಲ್ಲೇ.

ಎರಡನೆಯ ಸ್ವೆಟರು 618 ಗ್ರಾಂ. ಎರಡು ಚಳಿಗಾಲ ಮೈಮೇಲೆ ಇದ್ದು ಬಂದಿದೆ, ಯಾರೂ ಕೆರೆದುಕೊಂಡಿಲ್ಲ. ಎರಡರ ನಡುವೆ ನಾನು ಕಲಿತದ್ದು ಹೆಣಿಗೆಯನ್ನಲ್ಲ, ಹೆಣಿಗೆಗೆ ಮುಂಚಿನ ಲೆಕ್ಕವನ್ನು. ಅದನ್ನೇ ಇಲ್ಲಿ ಹೇಳುತ್ತೇನೆ. ಉಣ್ಣೆ ಕರಿಯದೇ ಇರಬೇಕೆಂದಿಲ್ಲ. ನೀವು ಹಿಂದೆಂದೂ ನೂಲದ ಯಾವ ಉಣ್ಣೆ ಮನೆಗೆ ಬಂದರೂ ದಾರಿ ಇದೇ.

ಚೀಲದಲ್ಲಿ ಇರುವುದು ಏನು

ನಮ್ಮ ಕಡೆಯ ಕಂಬಳಿಗಳು ದಖನಿ ಕುರಿಯ ಉಣ್ಣೆಯವು. ಕುರುಬರ ಮನೆಗಳಲ್ಲಿ ಹೆಂಗಸರು ನೂತು ಗಂಡಸರು ನೇಯ್ದು ಬಂದದ್ದು. ಉಣ್ಣೆಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಮೊದಲು ಅದಕ್ಕೆ ಬೆಲೆಯಿತ್ತು. ಈಗ ಕತ್ತರಿಸುವವರ ಕೂಲಿಯೂ ಹುಟ್ಟುವುದಿಲ್ಲ ಅಂತ ಎಷ್ಟೋ ಕಡೆ ಉಣ್ಣೆಯನ್ನು ಹೊಲದ ಬದುವಿಗೆ ಒಗೆದು ಹೋಗುತ್ತಾರೆ. ನಮ್ಮ ಸಂಬಂಧಿಕರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾಗ ನಾನು ಕೇಳಿದೆ. ಕುರಿಯವರು ನಕ್ಕು, "ಒಯ್ಯಬೇ ಯವ್ವಾ, ತಿಪ್ಪಿಗೆ ಹೋಗೂದು ನಿಮ್ಮನಿಗೆ ಹೋಗಲಿ" ಅಂದರು. ನಾನು ರೊಕ್ಕ ಕೊಟ್ಟೇ ತಂದೆ, ಅದು ಬೇರೆ ಮಾತು. ಪುಕ್ಕಟೆ ತಂದ ಉಣ್ಣೆಯನ್ನು ನಾವು ಎಚ್ಚರದಿಂದ ತೂಗುವುದಿಲ್ಲ.

ನಾವು ಪತ್ತಾರರು, ಬಂಗಾರದ ಕೆಲಸದವರು. ಉಣ್ಣೆಯ ಸಂಗತಿ ನಮ್ಮ ಮನೆತನಕ್ಕೆ ಗೊತ್ತಿಲ್ಲ. ಹಿಂದಿನ ಓಣಿಯಲ್ಲಿ ಕುರುಬರ ಆಯಿ ಒಬ್ಬಾಕೆ ಇದ್ದಾಳೆ, ಎಂಬತ್ತರ ಮೇಲಿನ ವಯಸ್ಸು, ಈಗಲೂ ರಾಟಿ ಮುಂದೆ ಕೂತರೆ ಎಳೆ ಕಡಿಯುವುದಿಲ್ಲ. ಚೀಲ ಅವಳ ಮುಂದೆ ಸುರುವಿದೆ. ಆಕೆ ಒಂದು ಹಿಡಿ ಎತ್ತಿ, ಬೆರಳಲ್ಲಿ ಬಿಡಿಸಿ, ಎರಡು ಗುಂಪು ಮಾಡಿದಳು. ಒಂದರಲ್ಲಿ ಮೆತ್ತಗಿನ, ತುಸು ಸುರುಳಿಯಿದ್ದ ಕೂದಲು. ಇನ್ನೊಂದರಲ್ಲಿ ನೆಟ್ಟಗಿನ, ಗಿಡ್ಡ, ಕಡ್ಡಿಯಂಥ ಕೂದಲು. "ಇದು ಸತ್ತ ಕೂದಲಾ. ಕಂಬಳ್ಯಾಗ ನಡೀತದ. ನಿನ್ನ ಸ್ವೆಟರಿನ್ಯಾಗ ನಡ್ಯಂಗಿಲ್ಲ."

ಈ ಸತ್ತ ಕೂದಲಿಗೆ ಒಳಗೆ ಟೊಳ್ಳು ಇರುತ್ತದೆ, ಹುರಿ (ನೂಲಿನ ತಿರುವು) ಹಿಡಿಯುವುದಿಲ್ಲ, ಬಣ್ಣ ಹಾಕಿದರೆ ಕುಡಿಯುವುದಿಲ್ಲ, ನೂಲಿನಿಂದ ಹೊರಗೆ ಚಾಚಿಕೊಂಡು ನಿಲ್ಲುತ್ತದೆ. ಚುಚ್ಚುವುದೂ ಉದುರುವುದೂ ಹೆಚ್ಚಾಗಿ ಇದೇ. ಉಣ್ಣೆ ಚುಚ್ಚಿದರೆ ಜನ ಅಲರ್ಜಿ ಅನ್ನುತ್ತಾರೆ. ಬಹಳ ಸಲ ಅದು ಅಲರ್ಜಿಯಲ್ಲ, ಬರೀ ದಪ್ಪದ ಮಾತು. ಕೂದಲು ಸುಮಾರು 30 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪವಾದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಒತ್ತುತ್ತದೆ. ಮೆರಿನೋ 20ರ ಆಸುಪಾಸಿನದು, ಅದಕ್ಕೇ ಬೆಣ್ಣೆ. ದಖನಿಯಲ್ಲಿ 30 ದಾಟಿದ ಕೂದಲೇ ಬಹಳ. ಎಷ್ಟು ಹಿಂಜಿದರೂ, ಯಾವ ಕಂಡೀಷನರ್ ಹಾಕಿದರೂ ಅದರ ದಪ್ಪ ಕರಗುವುದಿಲ್ಲ. ಹಾಗಾಗಿ ಮೊದಲ ತೀರ್ಮಾನ ಚೀಲದ ಬಾಯಿ ಬಿಚ್ಚಿದಾಗಲೇ ಆಗಬೇಕು: ಇದು ಬರಿಮೈಗೆ ತೊಡುವ ಸ್ವೆಟರಲ್ಲ, ಅಂಗಿಯ ಮೇಲೆ ತೊಡುವುದು. ನನ್ನ ಮೊದಲ ಸ್ವೆಟರಿಗೆ ನಾನು ಈ ಒಂದು ಮಾತು ಒಪ್ಪಿಕೊಂಡಿರಲಿಲ್ಲ.

ಹೊಸ ಉಣ್ಣೆ ಬಂದರೆ ನೋಡಬೇಕಾದದ್ದು ಇಷ್ಟು. ಉಣ್ಣೆಯ ಒಂದು ಕುಚ್ಚನ್ನು ಬುಡದಿಂದ ತುದಿಗೆ ಅಳೆಯಿರಿ. ನನ್ನದು 5ರಿಂದ 8 ಸೆಂ.ಮೀ. ಇತ್ತು. ಗಿಡ್ಡ ಕೂದಲಿಗೆ ಹುರಿ ಹೆಚ್ಚು ಬೇಕು, ಇಲ್ಲವೆಂದರೆ ನೂಲು ಬಿಚ್ಚಿಕೊಳ್ಳುತ್ತದೆ. ಎರಡೂ ತುದಿ ಹಿಡಿದು ಕಿವಿಯ ಹತ್ತಿರ ಜಗ್ಗಿ. ಗಟ್ಟಿಯಿದ್ದರೆ ತಂತಿ ಮೀಟಿದಂತೆ ಟಣ್ ಅನ್ನುತ್ತದೆ, ಟೊಳ್ಳಿದ್ದರೆ ಚರಚರ ಹರಿಯುತ್ತದೆ. ಹರಿದದ್ದನ್ನು ಸ್ವೆಟರಿಗೆ ಹಾಕಬೇಡಿ, ದಿಂಬಿಗೆ ತುಂಬಿ. ಕುತ್ತಿಗೆಗೆ ತಿಕ್ಕಿ ನೋಡಿ. ಅಂಗೈ ಸುಳ್ಳು ಹೇಳುತ್ತದೆ, ಅದರಲ್ಲೂ ರೊಟ್ಟಿ ಬಡಿದ ಅಂಗೈ. ಮರಿಗಳ ಮೊದಲ ಕತ್ತರಿಯ ಉಣ್ಣೆ ಸಿಕ್ಕರೆ ಬಿಡಬೇಡಿ, ದೊಡ್ಡ ಕುರಿಯದಕ್ಕಿಂತ ಅದು ಬಹಳ ಮೆತ್ತಗೆ. ಇನ್ನು ಬಣ್ಣ. ಕರಿ ಅಂದುಕೊಂಡದ್ದರ ತುದಿ ಬಿಸಿಲಿಗೆ ಕಂದಿ ಕೆಂಪಗಾಗಿರುತ್ತದೆ, ಮುದಿ ಕುರಿಯದರಲ್ಲಿ ನರೆಯೂ ಇರುತ್ತದೆ. ಅದನ್ನು ಆಮೇಲೆ ನೋಡೋಣ.

ನೂರು ಗ್ರಾಮಿನ ಲೆಕ್ಕ

ಇಡೀ ಚೀಲಕ್ಕೆ ನೀರು ಹಾಕಬೇಡಿ. ಮೊದಲು 100 ಗ್ರಾಂ ತೂಗಿ ತೆಗೆಯಿರಿ, ಚೀಲದ ಮೇಲಿನಿಂದಲೂ ನಡುವಿನಿಂದಲೂ ತಳದಿಂದಲೂ ತುಸು ತುಸು. ನಮ್ಮ ಮನೆಯಲ್ಲಿ ಬಂಗಾರ ತೂಗುವ ತಕ್ಕಡಿ ಇರುವುದರಿಂದ ನನಗೆ ಈ ಕೆಲಸ ಸಲೀಸು. ನಿಮಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅಂಗಡಿಯ ತಕ್ಕಡಿಯ ಮೇಲೆ ಕುರಿಯ ಉಣ್ಣೆ ಕಂಡಾಗ ನಮ್ಮವರ ಮುಖ ಹೇಗಾಯಿತು ಅಂತ ನಾನು ಬರೆಯುವುದಿಲ್ಲ.

ಒಣಗಿದ್ದಾಗಲೇ ಒದರಬೇಕು. ಅರ್ಧ ಮಣ್ಣು ಅಲ್ಲೇ ಹೋಗುತ್ತದೆ. ಉತ್ತರಾಣಿಯ ಬೀಜ ಮಾತ್ರ ಒದರಿದರೆ ಬೀಳುವುದಿಲ್ಲ, ಒಂದೊಂದೇ ಕೀಳಬೇಕು. ಬೀಜ ತುಂಬಿಕೊಂಡ ಉಣ್ಣೆಯನ್ನು ತರಲೇಬೇಡಿ ಅಂತ ನನ್ನ ಸಲಹೆ. ಕುರಿಗಳ ಉಣ್ಣೆ ಕತ್ತರಿಸುವ ಮೊದಲು ಹೊಳೆಯಲ್ಲಿ ಅವುಗಳ ಮೈ ತೊಳೆಸುವ ರೂಢಿಯಿದೆ. ಅಂಥ ಹಿಂಡಿನದು ಸಿಕ್ಕರೆ ನಿಮ್ಮ ಪುಣ್ಯ.

ತೊಳೆಯುವಾಗ ಸೋಡಾ ಬೇಡ. ಕಂಬಳಿ ಒಗೆಯುವವರು ಹಾಕುತ್ತಾರೆ ಅಂತ ನಾನೂ ಮೊದಲ ಸಲ ಹಾಕಿದ್ದೆ; ಉಣ್ಣೆ ಒಣಗಿದ ಹುಲ್ಲಿನಂತಾಯಿತು. ಕ್ಷಾರಕ್ಕೆ ಉಣ್ಣೆ ಸೊರಗುತ್ತದೆ. ಶಾಂಪೂ ಆಗಲಿ, ಅಂಟವಾಳದ ನೀರಾಗಲಿ ಸಾಕು. ದಖನಿಗೆ ಮೆರಿನೋದಷ್ಟು ಜಿಡ್ಡಿಲ್ಲ, ಕೈ ತಡೆಯುವಷ್ಟು ಬಿಸಿ ನೀರಿನಲ್ಲೇ ಬಿಡುತ್ತದೆ. ಅರ್ಧ ತಾಸು ನೆನೆಸಿ, ಮೇಲೆತ್ತಿ, ಅಷ್ಟೇ ಬಿಸಿಯ ಬೇರೆ ನೀರಿಗೆ ಬಿಡಿ. ತಿಕ್ಕುವುದು, ಹಿಂಡುವುದು, ಬಿಸಿಯಿಂದ ತಣ್ಣೀರಿಗೆ ದಬಕ್ಕನೆ ಹಾಕುವುದು ಮೂರೂ ಬೇಡ, ಜಡೆಗಟ್ಟುತ್ತದೆ. ನೆರಳಲ್ಲಿ ಒಣಗಿಸಿ ತೂಗಿ.

ನನ್ನ 100 ಗ್ರಾಂ ತೊಳೆದ ಮೇಲೆ 72 ಆಯಿತು. ಸತ್ತ ಕೂದಲು, ಬೀಜ, ಗಂಟು ತೆಗೆದು ಹಿಂಜಿದ ಮೇಲೆ 55. ನೂತು ಹುರಿ ಮಾಡಿ ಲಡಿ ಕಟ್ಟಿದಾಗ 50. ಅಂದರೆ ತಂದದ್ದರಲ್ಲಿ ಅರ್ಧ ಮಾತ್ರ ಮೈಗೆ ಬರುತ್ತದೆ. ನಿಮ್ಮ ಉಣ್ಣೆಯ ಲೆಕ್ಕ ಬೇರೆ ಬಂದೀತು. ಆದರೆ ಈ ನಾಲ್ಕು ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡದೆ ಮುಂದೆ ಹೋಗಬೇಡಿ. ಇವು ಇಲ್ಲದ್ದಕ್ಕೇ ನನ್ನ ಎಡತೋಳು ಗಿಡ್ಡವಾದದ್ದು.

ಹಿಂಜುವುದಕ್ಕೆ ಆಯಿಯ ಮನೆಯಲ್ಲಿ ಹಿಂದೆ ಬಿಲ್ಲು ಇತ್ತಂತೆ, ಆಕೆಯ ಗಂಡ ಹೆದೆ ಮೀಟಿದರೆ ಉಣ್ಣೆ ಹೊಗೆಯಂತೆ ಏಳುತ್ತಿತ್ತಂತೆ. ಈಗ ಬಿಲ್ಲೂ ಇಲ್ಲ, ಮೀಟುವವರೂ ಇಲ್ಲ. ನಾನು ನಾಯಿಯ ಕೂದಲು ಬಾಚುವ ತಂತಿ ಬ್ರಷ್ ಎರಡು ತರಿಸಿಕೊಂಡೆ, ಒಂದರ ಮೇಲೆ ಉಣ್ಣೆ ಹಚ್ಚಿ ಇನ್ನೊಂದರಿಂದ ಎಳೆದರೆ ಚೊಕ್ಕಟ ಹಂಜಿ ಬರುತ್ತದೆ. ಅಂಗಡಿಯವರು "ಯಾವ ನಾಯಿರೀ?" ಅಂತ ಕೇಳಿದರು. ಮುಧೋಳದ್ದು ಅಂದುಬಿಟ್ಟೆ. ಮುಧೋಳ ನಾಯಿಗೆ ಬಾಚಲು ಕೂದಲೆಲ್ಲಿದೆ, ಅವರು ಇನ್ನೂ ಯೋಚಿಸುತ್ತಿರಬೇಕು.

ನಾಲ್ಕು ಥರ ನೂತು ನೋಡುವುದು

ನನ್ನ ತವರಿನಲ್ಲಿ ಅಜ್ಜನ ಪೆಟ್ಟಿಗೆ ಚರಕ ಇದೆ. ಅಜ್ಜ ಬೆಳಗಾವಿ ಹತ್ತಿರದ ಹುದಲಿಯ ಖಾದಿಯವರ ಜೊತೆ ಓಡಾಡಿದವನು. 1937ರಲ್ಲಿ ಗಾಂಧೀಜಿ ಹುದಲಿಗೆ ಬಂದಾಗ ನೋಡಿದವನು. ಆ ಚರಕದಲ್ಲಿ ಉಣ್ಣೆ ನೂಲೋಣ ಅಂತ ನನಗೆ ಬಹಳ ಆಸೆಯಿತ್ತು. ಆಗಲಿಲ್ಲ. ಅದು ಹತ್ತಿಗೆ ಮಾಡಿದ್ದು. ಗಾಲಿ ಒಂದು ಸುತ್ತು ತಿರುಗುವುದರೊಳಗೆ ಕದಿರು (ನೂಲು ಸುತ್ತುವ ಕಡ್ಡಿ) ಹತ್ತಾರು ಸುತ್ತು ತಿರುಗಿ, ಉಣ್ಣೆಯ ಎಳೆ ಕೈಬಿಡುವ ಮೊದಲೇ ತಂತಿಯಾಗುತ್ತದೆ. ಚರಕವನ್ನು ಒರೆಸಿ ದೇವರ ಕೋಣೆಯಲ್ಲಿ ಇಟ್ಟೆ. ಆಯಿಯ ಮರದ ರಾಟಿಯ ಕದಿರು ದಪ್ಪ, ತಿರುಗುವುದು ನಿಧಾನ. ಉಣ್ಣೆಗೆ ಅದೇ ಸರಿ. ರಾಟಿ ಇಲ್ಲದವರು ಬಡಿಗೇರರ ಕಡೆ 60-70 ಗ್ರಾಮಿನ ಮರದ ತಕಲಿ ಮಾಡಿಸಿಕೊಳ್ಳಬಹುದು.

ಮಾದರಿಯ ಉಣ್ಣೆಯಲ್ಲಿ ನಾಲ್ಕು ಥರ ನೂಲು ಮಾಡಿದೆ. ಮೊದಲನೆಯದು ಆಯಿ ಕಂಬಳಿಗೆ ನೂಲುವಂಥದ್ದು, ಒಂದೇ ಎಳೆ, ಹುರಿ ಬಿಗಿ. ಅದನ್ನು ಮಗ್ಗಕ್ಕೆ ಹಾಕುವ ಮೊದಲು ಹುಣಸೆ ಬೀಜದ ಗಂಜಿ ಹಚ್ಚಿ ಇನ್ನೂ ಗಟ್ಟಿ ಮಾಡುತ್ತಾರೆ. ಮಳೆ ತಡೆಯುವ ಕಂಬಳಿಗೆ ಅದು ಬೇಕು. ಹೆಣೆದಾಗ ಮಾತ್ರ ತುಂಡು ಪೂರಾ ಓರೆಯಾಗಿ ಮೂಲೆ ಎಳೆಯಿತು. ಒಂಟಿ ಎಳೆಯೊಳಗಿನ ಹುರಿ ಸುಮ್ಮನಿರುವುದಿಲ್ಲ, ಬಟ್ಟೆಯನ್ನೇ ತಿರುವುತ್ತದೆ. ಎರಡನೆಯದು ಮೆರಿನೋದಂತೆ ಸಡಿಲ, ದಪ್ಪ. ಮುಟ್ಟಲು ಮೆತ್ತಗಾಯಿತು, ಆದರೆ ಮುಟ್ಟಿದವರ ಕೈಗೆಲ್ಲ ಕೂದಲು. ಕಂಬಳಿಯಲ್ಲಿ ಉಂಡು ಕೂದಲು ಆರಿಸಿದ ಹಾಗೆ ಅನ್ನುವ ಗಾದೆಯನ್ನು ಯಾರು ಕಟ್ಟಿದರೋ, ಅವರ ಮನೆಯಲ್ಲಿ ಯಾರೋ ಸಡಿಲು ನೂಲುತ್ತಿದ್ದರು. ಮೂರನೆಯದು ಮೂರೆಳೆ. ಗುಂಡಗೆ, ಗಟ್ಟಿಯಾಗಿ ಚೆಂದ ಇತ್ತು, ತೂಕ ಮಾತ್ರ ಹಗ್ಗದ್ದು. ನಾಲ್ಕನೆಯದು ಎರಡೆಳೆ: ಎಳೆಗೆ ನಡುಮಧ್ಯದ ಹುರಿ, ಆಮೇಲೆ ಎರಡನ್ನು ಕೂಡಿಸಿ ತಿರುಗಾಮುರುಗಾ ದಿಕ್ಕಿಗೆ ಹುರಿ. ಸಾಕು ಅನಿಸಿದ ಮೇಲೂ ತುಸು ಜಾಸ್ತಿಯೇ ಹುರಿ ಹಾಕಿದೆ. ಇದು ಕೂದಲನ್ನು ಹಿಡಿದುಕೊಂಡಿತು, ತಂತಿಯೂ ಆಗಲಿಲ್ಲ.

ಎರಡೆಳೆಯನ್ನು ನೂಲುವ ಮೊದಲೇ ಕಣ್ಣಾರೆ ನೋಡಬಹುದು. ಆಗತಾನೇ ನೂತ ಎಳೆಯನ್ನು ಒಂದು ಗೇಣು ಸಡಿಲ ಬಿಟ್ಟರೆ ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ನಿಮ್ಮ ಎರಡೆಳೆ ನೂಲು ಹೆಚ್ಚುಕಡಿಮೆ ಹಾಗೇ ಕಾಣುವುದು. ಮೆಚ್ಚಿಗೆಯಾದ ನೂಲಿನ ಒಂದು ಗೇಣನ್ನು ಮದುವೆ ಕಾರ್ಡಿನ ರಟ್ಟಿಗೆ ಅಂಟಿಸಿ ರಾಟಿಗೆ ಕಟ್ಟಿ. ತಿಂಗಳಗಟ್ಟಲೆ ನೂಲುವಾಗ ಕೈ ತನಗೆ ಗೊತ್ತಿಲ್ಲದೇ ದಪ್ಪಕ್ಕೋ ತೆಳುವಿಗೋ ಜಾರುತ್ತದೆ. ದಿನಾ ಕೂತ ಕೂಡಲೇ ಆ ರಟ್ಟಿನ ಪಕ್ಕ ಎಳೆ ಹಿಡಿದು ನೋಡಬೇಕು. ದಪ್ಪ ತಿಳಿಯಲು ಸ್ಕೇಲಿಗೆ ಒತ್ತದೆ ಎಳೆಯದೆ ಸುತ್ತಿ ಎಣಿಸಿದರೆ ನನ್ನ ನೂಲು ಒಂದು ಇಂಚಿಗೆ 9 ಸುತ್ತು ಬಂತು.

ಅಂಗೈ ಅಗಲದ ತುಂಡು

ಸ್ವೆಟರಿಗೆ ಮುಂಚೆ ಹೆಣೆದು ನೋಡುವ ಮಾದರಿ ತುಂಡಿಗೆ ನಾನು ಅಂಗೈ ಅಗಲ ಅಂದೆ, ನಿಜವಾಗಿ ಇನ್ನೂ ದೊಡ್ಡದೇ ಬೇಕು. 15 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ. ಸಣ್ಣ ತುಂಡು ಅಂಚಿನಲ್ಲೇ ಮುಗಿದುಹೋಗುತ್ತದೆ, ಅದನ್ನು ಅಳೆದರೆ ಮೋಸ. ನಾನು ಮೂರು ಸೂಜಿಯಲ್ಲಿ ಮೂರು ತುಂಡು ಹೆಣೆದೆ: 8, 7 ಮತ್ತು 6 ನಂಬರ್. ಪೇಟೆಯ ಸೂಜಿಗಳಲ್ಲಿ ನಂಬರು ಹೆಚ್ಚಾದಷ್ಟು ಸೂಜಿ ತೆಳುವು. 8 ಅಂದರೆ 4 ಮಿ.ಮೀ., 7 ಅಂದರೆ ನಾಲ್ಕೂವರೆ, 6 ಅಂದರೆ 5. ಎಂಟರದ್ದು ಡೋರ್‌ಮ್ಯಾಟ್. ನನ್ನ ಮೊದಲ ಸ್ವೆಟರು ಇದೇ ಸೂಜಿಯದು. ಏಳರದ್ದು ಪರವಾಗಿಲ್ಲ. ಆರರದ್ದನ್ನು ಕೈಯಲ್ಲಿ ಹಿಡಿದರೆ ಸೆರಗಿನಂತಲ್ಲದಿದ್ದರೂ ಚಾದರದಂತೆ ಇಳಿಬಿತ್ತು. ದಪ್ಪ ಕೂದಲಿನ ಉಣ್ಣೆಗೆ ಉಸಿರಾಡುವ ಜಾಗ ಬೇಕು. ಗೊತ್ತಿಲ್ಲದ ಉಣ್ಣೆಯನ್ನು ಯಾವಾಗಲೂ ನಿಮ್ಮ ಅಂದಾಜಿಗಿಂತ ಒಂದು ನಂಬರ್ ದಪ್ಪ ಸೂಜಿಯಲ್ಲೂ ಹೆಣೆದು ನೋಡಿ.

ತುಂಡು ಹೆಣೆದಾದ ಮೇಲೆ ಅಳತೆ ತೆಗೆದು ಸೀದಾ ಸ್ವೆಟರಿಗೆ ಹೋಗುವವರೇ ಬಹಳ. ನಿಲ್ಲಿ. ಅದನ್ನು ಸ್ವೆಟರು ಒಗೆಯುವ ಹಾಗೆಯೇ ಒಗೆಯಿರಿ, ಚಾಪೆಯ ಮೇಲೆ ಹಾಸಿ ಒಣಗಿಸಿ, ಪಿನ್ನು ಹೊಡೆದು ಜಗ್ಗಬೇಡಿ. ನನ್ನದು ಒಗೆಯುವ ಮೊದಲು 10 ಸೆಂ.ಮೀ.ಗೆ 17 ಹೊಲಿಗೆ (ಹೆಣಿಗೆಯ ಕುಣಿಕೆ) ಇತ್ತು, ಒಗೆದ ಮೇಲೆ 16. ಒಂದು ಹೊಲಿಗೆ ತಾನೇ ಅನ್ನಬೇಡಿ. 100 ಸೆಂ.ಮೀ. ಸುತ್ತಳತೆಗೆ 170 ಹೊಲಿಗೆ ಹಾಕಿದ್ದರೆ ಒಗೆದ ಮೇಲೆ ಅದು 106 ಸೆಂ.ಮೀ. ಆಗುತ್ತಿತ್ತು. ಒಳಗೆ ಇನ್ನೊಬ್ಬರು ಹಿಡಿಸುತ್ತಿದ್ದರು.

ಆಮೇಲೆ ತೂಗು ಹಾಕುವುದು. ಮೆರಿನೋ ಜಗ್ಗಿದರೆ ತಿರುಗಿ ತನ್ನ ಜಾಗಕ್ಕೆ ಬರುತ್ತದೆ, ಅದರಲ್ಲಿ ಸುರುಳಿಯಿದೆ. ದಖನಿಯಲ್ಲಿ ಸುರುಳಿ ಕಡಿಮೆ. ಜೋತುಬಿದ್ದದ್ದು ಜೋತೇ ಬೀಳುತ್ತದೆ. ತುಂಡಿನ ಮೇಲಂಚನ್ನು ಹಗ್ಗಕ್ಕೆ ಚಿಮಟಿಗೆ ಹಾಕಿ ಸಿಕ್ಕಿಸಿ, ಕೆಳಗಂಚಿಗೆ ಎರಡು ಸ್ಟೀಲ್ ಚಮಚ ಕಟ್ಟಿದೆ, ಒಟ್ಟು 60 ಗ್ರಾಂ. 15 ಸೆಂ.ಮೀ. ಅಗಲದ ಪಟ್ಟಿ ಸ್ವೆಟರಿನಲ್ಲಿ ಹೊರಬೇಕಾದ ಭಾರ ಹೆಚ್ಚುಕಡಿಮೆ ಅಷ್ಟೇ. ಒಂದು ರಾತ್ರಿಯಲ್ಲಿ 15 ಸೆಂ.ಮೀ. ಎತ್ತರ 15.8 ಆಯಿತು. ನೂರಕ್ಕೆ ಐದು. 62 ಸೆಂ.ಮೀ. ಉದ್ದ ಬೇಕೆಂದರೆ 59 ಹೆಣೆದು ನಿಲ್ಲಿಸಬೇಕು, ಉಳಿದ ಮೂರನ್ನು ಸ್ವೆಟರು ತಾನೇ ಇಳಿದು ತುಂಬಿಕೊಳ್ಳುತ್ತದೆ.

ಕೊನೆಯ ಪರೀಕ್ಷೆ ಮೈಯದು. ಆ ತುಂಡನ್ನು ಜಂಪರಿನ ಭುಜದೊಳಗೆ ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತು ಹದಿನಾಲ್ಕು ರೊಟ್ಟಿ ಬಡಿದೆ. ಬಿಸಿಗೆ, ಬೆವರಿಗೆ, ಭುಜದ ಅಲುಗಾಟಕ್ಕೆ ಐದನೆಯ ರೊಟ್ಟಿಗೇ ಉತ್ತರ ಸಿಕ್ಕಿತು. ಕುತ್ತಿಗೆಗೆ ಇದು ತಾಗಕೂಡದು. ಒಂದು ಪದರ ಹತ್ತಿ ಬಟ್ಟೆಯ ಮೇಲಿಟ್ಟುಕೊಂಡು ಮತ್ತೆ ನೋಡಿದೆ. ಹದಿನಾಲ್ಕಕ್ಕೂ ಏನೂ ಆಗಲಿಲ್ಲ.

ಈಗ ತಕ್ಕಡಿ

ಒಗೆದು ಒಣಗಿದ ತುಂಡನ್ನು ತೂಗಿ. ನನ್ನದು 13.5 ಗ್ರಾಂ. 15ನ್ನು 15ರಿಂದ ಗುಣಿಸಿದರೆ 225 ಚದರ ಸೆಂ.ಮೀ. ಹಾಗಾದರೆ ಒಂದು ಚದರ ಸೆಂ.ಮೀ.ಗೆ 0.06 ಗ್ರಾಂ. ಇನ್ನು ಸ್ವೆಟರನ್ನು ಹೊಲಿಗೆಯವರ ಹಾಗೆ ತುಂಡು ತುಂಡಾಗಿ ನೋಡಬೇಕು. ನಮ್ಮವರ ಎದೆ 90. ಅಂಗಿಯ ಮೇಲೆ ತೊಡುವುದರಿಂದ 10 ಸಡಿಲ ಕೂಡಿಸಿ 100. ಉದ್ದ 62. ಒಡಲು 100 ಗುಣಿಸು 62, ಅಂದರೆ 6200. ತೋಳು ಮೇಲೆ 38, ಮಣಿಕಟ್ಟಿನಲ್ಲಿ 22, ಸರಾಸರಿ 30, ಉದ್ದ 46, ಒಂದಕ್ಕೆ 1380, ಎರಡಕ್ಕೆ 2760. ಒಟ್ಟು 8960 ಚದರ ಸೆಂ.ಮೀ. 0.06ರಿಂದ ಗುಣಿಸಿದರೆ 538 ಗ್ರಾಂ. ಬಾರ್ಡರು, ಕಾಲರು, ಹೊಲಿದ ಅಂಚು, ಬಿಚ್ಚಿ ಮತ್ತೆ ಹೆಣೆಯುವುದು ಇವಕ್ಕೆಲ್ಲ ನೂರಕ್ಕೆ 20 ಸೇರಿಸಿ: 645 ಗ್ರಾಂ ನೂಲು.

ಅಷ್ಟು ನೂಲಿಗೆ ಹಸಿ ಉಣ್ಣೆ ಎಷ್ಟು? ಕ್ಯಾಲೆಂಡರಿನ ಹಿಂದೆ ಬರೆದದ್ದನ್ನು ತೆಗೆಯಿರಿ. ನನ್ನದರಲ್ಲಿ ಅರ್ಧ ಉಳಿಯುತ್ತಿತ್ತು, ಆದ್ದರಿಂದ 1290 ಗ್ರಾಂ. ಕೈ ಬಿಗಿ ಹಿಡಿಯದೆ ಒಂದೂವರೆ ಕಿಲೋ ತೆಗೆದಿಟ್ಟೆ. ಒಂದು ಕುರಿಯದು 350-400 ಗ್ರಾಂ ಬಂದಿತ್ತು, ನಾಲ್ಕು ಕುರಿಯದು ಬೇಕಾಯಿತು. ನಾಲ್ಕು ಕುರಿ ಅಂದರೆ ನಾಲ್ಕು ಕರಿ. ಒಂದು ಇದ್ದಲಿ, ಒಂದು ಕಾಫಿಪುಡಿ, ಎರಡು ನಡುವಿನವು. ಒಂದು ಮುಗಿದ ಮೇಲೆ ಇನ್ನೊಂದು ಅಂತ ನೂತರೆ ಸ್ವೆಟರಿಗೆ ಪಟ್ಟೆ ಬೀಳುತ್ತದೆ. ತೊಳೆದ ಎಲ್ಲವನ್ನೂ ಚಾದರದ ಮೇಲೆ ಪದರು ಪದರಾಗಿ ಹಾಸಿ, ಮೇಲಿನಿಂದ ಕೆಳಗೆ ಹಿಡಿಹಿಡಿಯಾಗಿ ಎಳೆದು ಹಿಂಜಿದರೆ ಬಣ್ಣ ಬೆರೆಯುತ್ತದೆ. ಅಂದ ಹಾಗೆ ಬಣ್ಣ ಹಾಕುವ ಗೋಜು ಬೇಡ. ಕರಿಯ ಮೇಲೆ ಯಾವುದೂ ಏರುವುದಿಲ್ಲ.

ಉದ್ದದ ಲೆಕ್ಕಕ್ಕೆ ಸ್ಟೂಲನ್ನು ಬೋರಲು ಹಾಕಿ ನಾಲ್ಕು ಕಾಲಿಗೆ ನೂಲು ಸುತ್ತಿ. ನಮ್ಮ ಸ್ಟೂಲಿನ ಒಂದು ಸುತ್ತು 140 ಸೆಂ.ಮೀ. 100 ಗ್ರಾಮಿನ ಲಡಿ 107 ಸುತ್ತು ಬಂತು, 150 ಮೀಟರ್. 645 ಗ್ರಾಮಿಗೆ ಸುಮಾರು 970 ಮೀಟರ್. ಎರಡೆಳೆಯಾದ್ದರಿಂದ ಒಂಟಿ ಎಳೆ ಅದರ ಎರಡು ಪಟ್ಟು, ಹುರಿಯಲ್ಲಿ ಕುಗ್ಗುವುದಕ್ಕೆ ಹತ್ತನೇ ಒಂದು ಪಾಲು ಸೇರಿಸಿ 2150 ಮೀಟರ್. ನಾನು ತಾಸಿಗೆ 45 ಮೀಟರ್ ನೂಲುತ್ತೇನೆ. 48 ತಾಸು ಬರೀ ನೂಲುವುದಕ್ಕೆ. ಅದರ ಮೇಲೆ ಬೀಜ ಕೀಳುವುದು, ಹಿಂಜುವುದು, ಹುರಿ, ಹೆಣಿಗೆ. ಚಳಿಗಾಲಕ್ಕೆ ಬೇಕಾದರೆ ಶ್ರಾವಣದಲ್ಲೇ ರಾಟಿ ತೆಗೆಯಿರಿ. ನಾನು ದಸರೆಗೆ ಶುರು ಮಾಡಿ ಶಿವರಾತ್ರಿಗೆ ಮುಗಿಸಿದೆ, ಚಳಿ ಶಿವಶಿವಾ ಅಂತ ಓಡಿಹೋಗುವ ಹೊತ್ತಿಗೆ. ಹತ್ತು ತಿಂಗಳು ಅದು ಬೇವಿನ ಎಲೆ ಹಾಕಿದ ಟ್ರಂಕಿನಲ್ಲಿ ಕೂತಿತು.

ಆಕಾರ ಮತ್ತು ಹೆಣಿಗೆ

ಇಲ್ಲಿ ಬಹಳ ಹೇಳುವುದಿಲ್ಲ, ಹೆಣಿಗೆ ಬಲ್ಲವರಿಗೆ ಗೊತ್ತಿದ್ದದ್ದೇ. ಭಾರದ ನೂಲಿಗೆ ಜಡೆಯ ನಮೂನೆ ಹಾಕಬೇಡಿ, ಇನ್ನಷ್ಟು ನೂಲು ತಿಂದು ಇನ್ನಷ್ಟು ಜೋಲುತ್ತದೆ. ಎರಡೂ ಕಡೆ ಸೀದಾ ಹಾಕುವ ಹೆಣಿಗೆ ಉದ್ದಕ್ಕೆ ಎಳೆಯುತ್ತದೆ, ಅದೂ ಬೇಡ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಅಷ್ಟು ಸಾಕು. ಕರಿಯಲ್ಲಿ ನಮೂನೆ ಕಾಣುವುದೂ ಇಲ್ಲ. ಭುಜದ ಹೊಲಿಗೆ ಹಿಗ್ಗದ ಹಾಗೆ ಒಳಗಿನಿಂದ ಹತ್ತಿಯ ನವಾರದ ಪಟ್ಟಿ ಹಚ್ಚಿ. ಈ ಉಣ್ಣೆಯ ಬಾರ್ಡರಿಗೆ ರಬ್ಬರಿನ ಗುಣವಿಲ್ಲ, ಅದಕ್ಕೇ ಬಾರ್ಡರನ್ನು ಎರಡು ನಂಬರ್ ತೆಳು ಸೂಜಿಯಲ್ಲಿ ಹೆಣೆಯಿರಿ. ಕುತ್ತಿಗೆಯ ಒಳಪಟ್ಟಿಗೆ ನನ್ನ ಹಳೆಯ ಮೆರಿನೋ ನೂಲು 20 ಗ್ರಾಂ ಉಳಿದಿತ್ತು, ಅದನ್ನು ಹಾಕಿದೆ. ಕರಿಯ ಒಳಗೆ ಹಾಲುಬಿಳಿ ಇಣುಕುತ್ತದೆ, ನೋಡಿದವರು ಫ್ಯಾಶನ್ ಅಂದುಕೊಳ್ಳುತ್ತಾರೆ.

ತೋಳಿನಿಂದ ಶುರು ಮಾಡಿ. ಇದೊಂದನ್ನು ಮರೆಯಬೇಡಿ. ಎರಡೂ ತೋಳು ಮೊದಲು ಮುಗಿದರೆ, ಅವನ್ನು ಒಗೆದು ಅಳೆದು ನಿಮ್ಮ ಲೆಕ್ಕ ಸರಿಯೋ ಅಂತ ನೋಡಲು ಅವೇ ದೊಡ್ಡ ಮಾದರಿ. ನೂಲು ಕಡಿಮೆ ಬಿದ್ದರೆ ಒಡಲನ್ನು ಎರಡು ಬೆರಳು ಗಿಡ್ಡ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ತೋಳು ಗಿಡ್ಡವಾದರೆ ಏನಾಗುತ್ತದೆ ಅಂತ ನಮ್ಮ ಜೋಳದ ಚೀಲವನ್ನು ಕೇಳಿ.

ಲಡಿಗಳನ್ನು ನೂತ ಕ್ರಮದಲ್ಲಿ ಬಳಸಬೇಡಿ. ಮೊದಲ ವಾರದ್ದು ದಪ್ಪ, ಕೊನೆಯ ವಾರದ್ದು ತೆಳುವು ಇರುವುದು ಖಂಡಿತ. ಎರಡು ಉಂಡೆ ಇಟ್ಟುಕೊಂಡು ಎರಡು ಸಾಲು ಇದರಿಂದ, ಎರಡು ಸಾಲು ಅದರಿಂದ ಹೆಣೆದರೆ ಎಲ್ಲ ಬೆರೆತು ಒಂದಾಗುತ್ತದೆ. ಹುರಿ ಮಾಡಿದ ಲಡಿಯನ್ನು ಹೆಣೆಯುವ ಮೊದಲು ನೆನೆಸಿ, ಹಿಂಡದೆ, ಹಗ್ಗಕ್ಕೆ ಹಾಕಿ ಒಣಗಿಸಬೇಕು. ಒಣಗಿದ ಲಡಿ ಸುತ್ತಿಕೊಳ್ಳದೆ ಸುಮ್ಮನೆ ತೆರೆದು ಜೋತರೆ ಹುರಿ ಸಮ ಬಿದ್ದಿದೆ ಅಂತ ಅರ್ಥ.

ಮುಗಿದ ಸ್ವೆಟರನ್ನು ಒಗೆದು ಹೊರಸಿನ ಮೇಲೆ ಹಾಸಿ ಒಣಗಿಸಿದೆ, ಹಗ್ಗಕ್ಕೆ ಹಾಕಲಿಲ್ಲ. ಆಯಿ ಬಂದು ಅಂಚು ಹಿಡಿದು ನೋಡಿದಳು, ಒಳಗೆ ಕೈ ತೂರಿಸಿ ಬೆರಳು ಆಡಿಸಿದಳು. "ಮಳಿಗೆ ನಿಲ್ಲಂಗಿಲ್ಲ ಇದು" ಅಂದಳು. ನಿಲ್ಲುವುದಿಲ್ಲ, ನಿಜ. ಉಳಿದ 40 ಗ್ರಾಂ ನೂಲನ್ನು ಸಣ್ಣ ಉಂಡೆ ಮಾಡಿ ಸ್ವೆಟರಿನ ಜೊತೆಗೇ ಟ್ರಂಕಿನಲ್ಲಿ ಇಟ್ಟಿದ್ದೇನೆ. ನಮ್ಮವರು ದಿನವಿಡೀ ಅಂಗಡಿಯ ಮೇಜಿಗೆ ಮೊಣಕೈ ಊರಿ ಕೂಡುವವರು, ಸವೆಯುವುದು ಮೊದಲು ಅಲ್ಲೇ.